ವಿದೇಶಿ ವಿದ್ಯಾರ್ಥಿಗಳ ಸಂದರ್ಶನದಿಂದ ಇಂಗ್ಲಿಷ್ ಆಲಿಕೆಯ ಪಾಠ

ಧಾರವಾಡದ ಸಪ್ತಾಪುರಕ್ಕೆ ಕೋಚಿಂಗಿಗೆಂದು ನವಲಗುಂದ, ರೋಣ, ಹಾನಗಲ್ಲಿನಿಂದ ಬರುವ ಹುಡುಗರಲ್ಲಿ ಎಷ್ಟೋ ಜನರಿಗೆ ಇಂಗ್ಲಿಷ್ ವ್ಯಾಕರಣ ಗೊತ್ತಿರುತ್ತದೆ, ಎದುರಿನವರ ಮಾತು ಮಾತ್ರ ಕಿವಿಗೆ ಹತ್ತುವುದಿಲ್ಲ. ಪಠ್ಯದ ಜೊತೆ ಸಿಗುವ ಆಡಿಯೊದಲ್ಲಿ ಯಾರೋ ನಿಧಾನವಾಗಿ ಓದಿರುತ್ತಾರೆ; ತಡವರಿಕೆಯಿಲ್ಲ, ಅರ್ಧಕ್ಕೆ ಬಿಟ್ಟ ವಾಕ್ಯವಿಲ್ಲ. ಹಾಗಾಗಿ ಇಲ್ಲಿ ಓದಲು ಬಂದ ವಿದೇಶಿ ವಿದ್ಯಾರ್ಥಿಗಳನ್ನು ಮಾತಾಡಿಸಿ ಪಾಠ ಕಟ್ಟುವುದು ಮೇಲು. ಅವರಲ್ಲಿ ಹಲವರಿಗೆ ಇಂಗ್ಲಿಷ್ ಮನೆಮಾತಲ್ಲ ಎಂಬುದು ಕೊರತೆಯೇ ಅಲ್ಲ. ನಾಳೆ ನೌಕರಿಯಲ್ಲಿ ನಮ್ಮ ಹುಡುಗರಿಗೆ ಫೋನಿನಲ್ಲಿ ಸಿಗುವವರೂ ಬಹಳಷ್ಟು ಅಂಥವರೇ.

ಸಂದರ್ಶನದ ಹಿಂದಿನ ದಿನ ಅವರಿಗೆ ವಿಷಯವನ್ನಷ್ಟೇ ಹೇಳಿ; ಪ್ರಶ್ನೆ ಕೊಡಬೇಡಿ. ಕೊಟ್ಟರೆ ಉತ್ತರ ಬರೆದುಕೊಂಡು ಬಂದು ಓದಿಬಿಡುತ್ತಾರೆ. ‘ನಿಮ್ಮ ದೇಶ ಹೇಗಿದೆ’ ಎಂದರೆ ‘ಚೆನ್ನಾಗಿದೆ’ ಎಂಬಲ್ಲಿಗೆ ಮಾತು ಮುಗಿಯುತ್ತದೆ. ಮಾಡುವ ವಿಧಾನ ಕೇಳಿ. ಇಥಿಯೋಪಿಯಾದವರಾದರೆ ಇಂಜೆರಾ (ದೋಸೆಯಂಥ ಅಲ್ಲಿನ ರೊಟ್ಟಿ) ಹೇಗೆ ಮಾಡುತ್ತೀರಿ ಎನ್ನಿ: ಟೆಫ್ ಎಂಬ ಸಣ್ಣ ಕಾಳಿನ ಹಿಟ್ಟು ಕಲಸಿ, ಕೆಲವು ದಿನ ಹುಳಿ ಬರಿಸಿ, ಕಾದ ಹಂಚಿನ ಮೇಲೆ ಹೊಯ್ದು, ಮಗುಚದೆ ಬೇಯಿಸುವುದನ್ನು ಸಾಲಾಗಿ ಹೇಳುತ್ತಾರೆ. ದೋಸೆ ಗೊತ್ತಿರುವ ನಮ್ಮ ಹುಡುಗರು ಮುಂದಿನ ಮಾತನ್ನು ಮೊದಲೇ ಊಹಿಸುತ್ತಾರೆ. ಆ ಊಹೆಯಿಲ್ಲದೆ ಆಲಿಕೆ ಬೆಳೆಯುವುದಿಲ್ಲ.

ಅವರು ಮಾತಾಡುವಾಗ ನೀವು ‘ಹ್ಞೂಂ, ಓಕೆ’ ಅನ್ನಬಾರದು, ತಲೆಯಾಡಿಸಿದರೆ ಸಾಕು. ಉತ್ತರ ನಿಂತ ಮೇಲೆ ಮೂರು ಸೆಕೆಂಡ್ ಸುಮ್ಮನಿರಿ. ಎಷ್ಟೋ ಸಲ ಚಲೋ ಮಾತು ಆಮೇಲೆಯೇ ಬರುತ್ತದೆ. ವೀಸಾ, ಯುದ್ಧ, ಮನೆಯವರು ಎಲ್ಲಿದ್ದಾರೆ ಎಂಬುದನ್ನು ಕೆದಕಬೇಡಿ.

ಫ್ಯಾನ್ ಬಂದ್ ಮಾಡಿ. ಗಾಳಿ ಮೈಕಿಗೆ ಬಡಿದರೆ ‘ಸ’, ‘ಫ’ದಂಥ ಮೆಲುದನಿಗಳು ಮುಚ್ಚಿಹೋಗುತ್ತವೆ. ಕಾಲರ್ ಮೈಕ್ ಗದ್ದದಿಂದ ಒಂದು ಗೇಣು ಕೆಳಗಿರಲಿ, ಫೋನ್ ಏರ್‌ಪ್ಲೇನ್ ಮೋಡಿನಲ್ಲಿರಲಿ. ದನಿಯನ್ನು ಕುಗ್ಗಿಸದೆ ಉಳಿಸುವ ವೇವ್ ಫೈಲ್ (44.1 ಕಿಲೋಹರ್ಟ್ಸ್, 16 ಬಿಟ್, ಮೊನೊ) ನಿಮಿಷಕ್ಕೆ ಸುಮಾರು 5 ಎಂಬಿ ಹಿಡಿಯುತ್ತದೆ. ಹಂಚುವಾಗ ಕುಗ್ಗಿಸಿ 64 ಕೆಬಿಪಿಎಸ್ (ಸೆಕೆಂಡಿಗೆ 64 ಕಿಲೋಬಿಟ್) ಎಂಪಿ3 ಮಾಡಿದರೆ 90 ಸೆಕೆಂಡಿನ ತುಣುಕು ಸುಮಾರು 720 ಕೆಬಿ, ಹಳ್ಳಿಯ ನೆಟ್‌ವರ್ಕಿನಲ್ಲೂ ಇಳಿಯುತ್ತದೆ.

20 ನಿಮಿಷದ ಮಾತಿನಿಂದ 60–90 ಸೆಕೆಂಡಿನ ಮೂರು-ನಾಲ್ಕು ತುಣುಕು ಆರಿಸಿದರೆ ಸಾಕು. ‘ಅಂ’, ‘ಅಹ್’ ಕತ್ತರಿಸಬೇಡಿ. ವೇಗವನ್ನೂ ತಗ್ಗಿಸಬೇಡಿ: ತಗ್ಗಿಸಿದರೆ ದನಿ ಎಳೆದಂತಾಗುತ್ತದೆಯೇ ಹೊರತು ನುಂಗಿದ ಅಕ್ಷರ ಮರಳುವುದಿಲ್ಲ. ಕಷ್ಟವಾದಲ್ಲಿ ಐದಾರು ಪದಕ್ಕೊಮ್ಮೆ ನಿಲ್ಲಿಸಿ.

ಎಡವುವ ಜಾಗಗಳು ಮೊದಲೇ ಗೊತ್ತಿರಲಿ. ‘ಪಿಕ್ ಇಟ್ ಅಪ್’ ಕೂಡಿ ‘ಪಿಕಿಟಪ್’ ಆಗುತ್ತದೆ. ಬಸ್ಸು, ಕಾರು ಎಂದು ಕೊನೆಗೆ ಸ್ವರ ಸೇರಿಸುವ ನಮ್ಮ ಕಿವಿಗೆ ಪದ ಮುಗಿದದ್ದೇ ತಿಳಿಯುವುದಿಲ್ಲ. ‘ಕ್ಯಾಂಟ್’ನ ಕೊನೆಯ ‘ಟ್’ ಕರಗಿದರೆ ಆಗದು ಎಂದದ್ದು ಆಗುತ್ತದೆ ಎಂದು ಕೇಳಿಸುತ್ತದೆ. ಅಫ್ಘಾನಿಸ್ತಾನದವರ ಬಾಯಲ್ಲಿ ಸ್ಕೂಲ್ ‘ಇಸ್ಕೂಲ್’ ಆಗಬಹುದು, ನೈಜೀರಿಯಾದವರ ಬಾಯಲ್ಲಿ ಥಿಂಗ್ ‘ಟಿಂಗ್’ ಆಗಬಹುದು. ಎಲ್ಲಕ್ಕಿಂತ ಹೆಚ್ಚು ಕಾಡುವುದು ಸಂಖ್ಯೆ. ಅವರ ‘ಹಂಡ್ರೆಡ್ ಥೌಸಂಡ್’ ನಮ್ಮ ಲಕ್ಷ; ಅದನ್ನು ಲೆಕ್ಕ ಹಾಕುತ್ತ ಕೂತರೆ ಮುಂದಿನ ಎರಡು ವಾಕ್ಯ ಕೈಬಿಡುತ್ತವೆ. ಸಂಖ್ಯೆಗಳಿಗೇ ಒಂದು ತುಣುಕು ಮೀಸಲಿಡಿ.

ತರಗತಿಯಲ್ಲಿ ಮೂರು ಸಲ ಕೇಳಿಸಿ. ಮೊದಲು ವಿಷಯವೇನು ಎಂದಷ್ಟೇ, ಎರಡನೆಯ ಸಲ ನಾಲ್ಕೈದು ವಿವರ. ತುಣುಕಿನ ಮಾತಿನ ಬರಹ ಕೊಡುವುದು ಮೂರನೆಯ ಸಲ, ಎಂಟ್ಹತ್ತು ಜಾಗ ಖಾಲಿ ಬಿಟ್ಟು. ಖಾಲಿ ಬಿಡಬೇಕಾದ್ದು ದೊಡ್ಡ ಪದಗಳನ್ನಲ್ಲ. ಆಫ್, ಟು, ವಾಜ಼್, ಕ್ಯಾನ್ ಇಂಥವನ್ನು. ಬರಹ ಮೊದಲೇ ಕೈಗೆ ಹೋದರೆ ಅದು ಓದಿನ ಪಾಠವಾಗಿಬಿಡುತ್ತದೆ.

ರೆಕಾರ್ಡಿಂಗಿಗೆ ಮೊದಲೇ ಬರವಣಿಗೆಯಲ್ಲಿ ಒಪ್ಪಿಗೆ ಪಡೆಯಿರಿ, ಹೆಸರು ಬದಲಿಸಬೇಕೇ ಎಂದು ಕೇಳಿ. ವಾಟ್ಸಾಪ್ ಗುಂಪಿಗೆ ಹೋದ ಫೈಲನ್ನು ಪೂರ್ತಿ ಹಿಂದಕ್ಕೆ ಪಡೆಯಲಾಗದು ಎಂಬುದನ್ನೂ ಬಿಡಿಸಿ ಹೇಳಿ. ಹಿಂಜರಿದರೆ ಒತ್ತಾಯ ಬೇಡ; ಅಂಥವರ ತುಣುಕನ್ನು ತರಗತಿಯ ಸ್ಪೀಕರಿನಲ್ಲಿ ಮಾತ್ರ ಕೇಳಿಸಿ, ಯಾರ ಫೋನಿಗೂ ಕಳಿಸಬೇಡಿ.