ಮಳೇಲಿ ಕೊಡಚಾದ್ರಿ ಹತ್ತಿದ್ರೆ ಏನ್ ಕಾಣುತ್ತೆ?

ಪ್ರತಿ ವರ್ಷ ಪುಷ್ಯ ಮಳೆ ಹೊತ್ತಿಗೆ ಕೊಡಚಾದ್ರಿಗೆ ನಡ್ಕೊಂಡು ಹೋಗಿ ಬರ್ತೀನಿ. ಆಫೀಸಲ್ಲಾಗ್ಲಿ ಮದುವೆ ಮನೇಲಾಗ್ಲಿ ಹೇಳಿದ ಕೂಡ್ಲೆ ಒಂದೇ ಪ್ರಶ್ನೆ, "ಅಲ್ಲ ಮಾರಾಯ, ಡಿಸೆಂಬರಲ್ಲಿ ಹೋದ್ರೆ ಸನ್‌ಸೆಟ್ ಆದ್ರೂ ಸಿಗುತ್ತೆ, ಈ ಮಳೇಲಿ ಏನ್ ಕಾಣುತ್ತೆ ಅಂತ ಹೋಗ್ತೀಯ?"

ನಿಜ, ದೂರದ್ದು ಏನೂ ಕಾಣಲ್ಲ. 1343 ಮೀಟರ್ ಎತ್ತರದ ಗುಡ್ಡ, ಮೋಡ ಇಲ್ಲದ ದಿನ ಮೇಲಿಂದ ಒಂದ್ಕಡೆ ಅರಬ್ಬೀ ಸಮುದ್ರ, ಇನ್ನೊಂದ್ಕಡೆ ಶರಾವತಿಯ ಲಿಂಗನಮಕ್ಕಿ ಹಿನ್ನೀರು. ಈಗ ಹೋದ್ರೆ ತುದೀಲಿರೋ ಸರ್ವಜ್ಞ ಪೀಠದ ಕಲ್ಲುಮಂಟಪ ಎದುರಿಗೇ ಇದ್ರೂ ಮಂಜಲ್ಲಿ ಗೊತ್ತಾಗಲ್ಲ.

ನಾನು ನೋಡೋಕೆ ಹೋಗೋದು ನೀರನ್ನ. ಬೇಸಿಗೇಲಿ ಒಣಹುಲ್ಲು ಬಿಟ್ರೆ ಏನೂ ಇಲ್ಲದ ಬೋಳುಗುಡ್ಡ, ಈಗ ಕಾಲಿಟ್ಟಲ್ಲೆಲ್ಲ ಹುಲ್ಲಿನ ಬುಡದಿಂದ ನೀರು ಒಸರುತ್ತೆ, ಒಸರಿದ್ದು ಬೆರಳು ದಪ್ಪ ಹರಿಯುತ್ತೆ, ಎರಡು ತಿರುವು ಇಳಿಯೋಷ್ಟ್ರಲ್ಲಿ ನಾವು ನಡೀತಿರೋ ದಾರಿನೇ ಹಳ್ಳ ಆಗಿರುತ್ತೆ. ಪಡುವಣ ಮಗ್ಗುಲಿಗೆ ಬಿದ್ದ ಮಳೆ ಸೌಪರ್ಣಿಕಾ ನದಿಯಾಗಿ ಕೊಲ್ಲೂರು ದಾಟಿ ಗಂಗೊಳ್ಳಿ ಹತ್ರ ಸಮುದ್ರ ಸೇರುತ್ತೆ, ಮೂಡಲ ಮಗ್ಗುಲಿಗೆ ಬಿದ್ದದ್ದು ಶರಾವತಿ ಹಿನ್ನೀರಿಗೆ ಹೋಗಿ, ಜೋಗದ ಕಡೆ ಇಳಿದು, ಹೊನ್ನಾವರದಲ್ಲಿ ಅದೇ ಸಮುದ್ರ ಸೇರುತ್ತೆ. ಒಂದೇ ಮೋಡದ ನೀರು, ಎಷ್ಟು ದೂರದ ಸುತ್ತು ನೋಡಿ! ಇದನ್ನ ಮ್ಯಾಪಲ್ಲಿ ನೋಡೋದೇ ಬೇರೆ, ರೇನ್‌ಕೋಟ್ ಒಳಗೂ ನೆನೆದು ಆ ಗುಡ್ಡದ ಏಣಿನ ಮೇಲೆ ನಿಂತ್ಕೊಳ್ಳೋದೇ ಬೇರೆ, ನಂಗೆ ಪ್ರತಿ ಸಲನೂ ಮೈ ಜುಂ ಅನ್ನುತ್ತೆ.

ಮುಂದಿನ ಪ್ರಶ್ನೆ ಉಂಬಳದ್ದು, ಅಂದ್ರೆ ಜಿಗಣೇದು. ಕಚ್ಚುತ್ತೆ, ಖಂಡಿತ ಕಚ್ಚುತ್ತೆ. ಕಚ್ಚಿದ್ದು ಗೊತ್ತೂ ಆಗಲ್ಲ, ರಕ್ತ ಹೆಪ್ಪುಗಟ್ಟದ ಹಾಗೆ ಮಾಡೋ ಹಿರುಡಿನ್ ಥರದ ಅಂಶ ಅದರ ಜೊಲ್ಲಲ್ಲಿರೋದ್ರಿಂದ ಉಂಬಳ ಬಿದ್ದ ಮೇಲೂ ಸುಮಾರು ಹೊತ್ತು ರಕ್ತ ಸುರೀತಾನೇ ಇರುತ್ತೆ, ಗಾಬರಿ ಆಗ್ಬೇಡಿ. ಕಿತ್ತು ಎಳೀಬೇಡಿ. ನಮ್ಮತ್ತೆ ಹೊರಡೋ ಮುಂಚೆ ಕಾಲಿಗೆ ಹೊಗೆಸೊಪ್ಪು ಸುಣ್ಣ ತಿಕ್ಕಿಸಿ, ಕೋಲಿನ ತುದಿಗೆ ಬಟ್ಟೇಲಿ ಉಪ್ಪು ಕಟ್ಟಿ ಕೊಡ್ತಾರೆ. ಅದನ್ನ ಮುಟ್ಟಿಸಿದ್ರೆ ಸಾಕು, ಉದುರುತ್ತೆ.

ಒಂದ್ ಮಾತು ಮಾತ್ರ ಕೇಳಿ. ಹಿಡ್ಲುಮನೆ ಫಾಲ್ಸ್ ಪಕ್ಕದ ದಾರಿ ಈ ಮಳೇಲಿ ಬೇಡ, ಪಾಚಿ ಕಟ್ಟಿದ ಬಂಡೆ, ನೀರು ಯಾವಾಗ ಏರುತ್ತೆ ಹೇಳಕ್ಕಾಗಲ್ಲ. ಜೀಪ್ ರೋಡಲ್ಲೇ ನಡೀರಿ, ಅರಣ್ಯ ಇಲಾಖೆಯವ್ರು ಇವತ್ತು ಬೇಡ ಅಂದ್ರೆ ಜಗಳ ಆಡದೆ ವಾಪಸ್ ಬನ್ನಿ.

ಸಂಜೆ ನಿಟ್ಟೂರು ಕಡೆ ಅತ್ತೆ ಮನೆಗೆ ಬಂದು, ಹಂಡೆ ನೀರು ಹುಯ್ಕೊಂಡು, ಬಚ್ಚಲೊಲೆ ಮುಂದೆ ಕಾಲು ಚಾಚಿ ಕೂತ್ರೆ ಕೈಗೆ ಕಷಾಯ ಬರುತ್ತೆ. ಏನ್ ಕಾಣಿಸ್ತು ಅಂತ ಅತ್ತೆ ಯಾವತ್ತೂ ಕೇಳಿದ್ದಿಲ್ಲ. ಗದ್ದೆ ನಾಟಿ ಇನ್ನೂ ಅರ್ಧ ಬಾಕಿ ಇರುತ್ತೆ, ಹಾಗಾಗಿ ಕೇಳೋದೇ ಬೇರೆ, "ಮೇಲೆ ಹೆಂಗಿದೆ ಮಳೆ, ಹಳ್ಳ ತುಂಬಿದ್ಯಾ?" ನಾನು ಯಾವ ಹಳ್ಳ ಮೊಣಕಾಲಿಗೆ ಬಂದಿತ್ತು, ಯಾವುದು ಬರೀ ಪಾದ ಮುಳುಗೋಷ್ಟು ಇತ್ತು ಅಂತ ಒಂದೊಂದಾಗಿ ಹೇಳ್ತೀನಿ.