ಮಂಜುಗಡ್ಡೆಯಿಂದ ನೇರಳೆ ಓಡಿಸಿದ ಕಥೆ

ನಾನು ಮಾಡುತ್ತಿರುವ ಮಕ್ಕಳ ಚಿತ್ರಪುಸ್ತಕದ 14–15ನೇ ಜೋಡಿ ಪುಟದ ಹೊಸ ಪ್ರೂಫ್, ಅಂದರೆ ಅಚ್ಚಿಗೆ ಮೊದಲಿನ ಮಾದರಿ ಪ್ರತಿ, ಬಂತು. ಎರಡು ಹಡಗು, ಸುತ್ತ ಮಂಜುಗಡ್ಡೆ, ಮೇಲೆ ಧ್ರುವದ ರಾತ್ರಿ. ಹುಡುಕಿದರೂ ಎಲ್ಲೂ ನೇರಳೆ ಬಣ್ಣ ಇಲ್ಲ! ಈ ಪುಟ ನನ್ನನ್ನು ಎಷ್ಟು ಕಾಡಿದೆ ಅಂತ ಹಳಬರಿಗೆ ಗೊತ್ತು. ಇವತ್ತು ಪೂರ್ತಿ ಅದರದ್ದೇ ಮಾತು.

ಹೊಸಬರಿಗಾಗಿ ಚಿಕ್ಕದಾಗಿ ಹೇಳಿಬಿಡುತ್ತೇನೆ. ಸರ್ ಜಾನ್ ಫ್ರಾಂಕ್ಲಿನ್ 1845ರ ಮೇ 19ರಂದು ಎರೆಬಸ್, ಟೆರರ್ ಎಂಬ ಎರಡು ಹಡಗುಗಳೊಂದಿಗೆ ಇಂಗ್ಲೆಂಡ್ ಬಿಟ್ಟರು. ಕೆನಡಾದ ಉತ್ತರದ ದ್ವೀಪಗಳ ನಡುವೆ ಏಷ್ಯಾದ ಕಡೆಗೆ ಸಮುದ್ರದ ದಾರಿ ಹುಡುಕಬೇಕಿತ್ತು. ಆರ್ಕ್ಟಿಕ್‌ಗೆ ಹೋದ 129 ಜನರಲ್ಲಿ ಒಬ್ಬರೂ ವಾಪಸ್ ಬರಲಿಲ್ಲ. ಅವರ ಮೇಲೆ ಹುಟ್ಟಿದ ಹಾಡು 1850ರ ಸುಮಾರಿಗೆ ಇಂಗ್ಲೆಂಡಿನ ಬೀದಿಗಳಲ್ಲಿ ಬಿಡಿ ಹಾಳೆಯಾಗಿ ಮಾರಾಟವಾಗುತ್ತಿತ್ತು. ಹಾಡಿನಲ್ಲಿ, ಹಡಗಿನ ಜೋಲಿಯಲ್ಲಿ ಮಲಗಿದ ನಾವಿಕನಿಗೆ ಕನಸು. ಕನಸಿನಲ್ಲಿ ಫ್ರಾಂಕ್ಲಿನ್ ಅವರ ಹೆಂಡತಿ ಅಳುತ್ತಾರೆ, ಗಂಡ ಬದುಕಿದ್ದಾನೆ ಅಂತ ಗೊತ್ತಾದರೆ 10,000 ಪೌಂಡ್ ಕೊಡುತ್ತೇನೆ ಅನ್ನುತ್ತಾರೆ. ಈ ಹಾಡನ್ನೇ ಕನ್ನಡದ ಮಕ್ಕಳಿಗೆ ಚಿತ್ರಪುಸ್ತಕ ಮಾಡುತ್ತಿದ್ದೇನೆ. ಪದ್ಯ ಮುಗಿದಿದೆ, ಪುಟ ಹಂಚಿಕೆ ಮುಗಿದಿದೆ, ಅಕ್ಷರವೂ ಕೂತಿದೆ. ಉಳಿದಿದ್ದದ್ದು ಮಂಜುಗಡ್ಡೆ.

14–15 ಪುಸ್ತಕದ ಎದೆ. 1846ರ ಸೆಪ್ಟೆಂಬರ್‌ನಲ್ಲಿ ಹಡಗುಗಳು ಕಿಂಗ್ ವಿಲಿಯಂ ದ್ವೀಪದ ಹತ್ತಿರ ಸಿಕ್ಕಿಕೊಂಡವು. ಮುಂದಿನ ಬೇಸಿಗೆಯಲ್ಲೂ ಮಂಜು ಬಿಡಲಿಲ್ಲ. 1847ರ ಜೂನ್‌ನಲ್ಲಿ ಫ್ರಾಂಕ್ಲಿನ್ ತೀರಿಕೊಂಡರು. 1848ರ ಏಪ್ರಿಲ್‌ನಲ್ಲಿ ಉಳಿದ 105 ಜನ ಹಡಗು ಬಿಟ್ಟು ಕೆಳಗಿಳಿದರು. ಇಷ್ಟೂ ಕಾಲ ಒಂದೇ ಚಿತ್ರದಲ್ಲಿ ಕಾಣಬೇಕು. ಮಂಜುಗಡ್ಡೆ ಸರಿಯಾಗದಿದ್ದರೆ ಮಿಕ್ಕಿದ್ದೆಲ್ಲ ಇದ್ದೂ ಏನು ಉಪಯೋಗ, ಅಲ್ವಾ?

ಮೂಲ ಚಿತ್ರ ವಾಟರ್‌ಕಲರ್. ಅಲ್ಟ್ರಾಮರೀನ್ ಎಂಬ ಗಾಢ ನೀಲಿ ಒದ್ದೆ ಇರುವಾಗಲೇ ಅದರ ಮೇಲೆ ಉಪ್ಪು ಉದುರಿಸಿದರೆ, ಹರಳು ಬಿದ್ದ ಕಡೆ ತಿಳಿ ಗುರುತು ಮೂಡುತ್ತದೆ. ಪುಡಿ ಉಪ್ಪು ಸಣ್ಣ ಚುಕ್ಕಿ ಕೊಡುತ್ತದೆ, ಕಲ್ಲುಪ್ಪು ದೊಡ್ಡ ನಕ್ಷತ್ರ ಬಿಡಿಸುತ್ತದೆ. ಕಾಗದದ ಮೇಲಿನ ನೀರಿನ ಹೊಳಪು ಆರುವ ಗಳಿಗೆಯಲ್ಲೇ ಉದುರಿಸಬೇಕು. ಹಳೇ ಮಂಜಿಗೆ ಕಲ್ಲುಪ್ಪು, ಹೊಸ ಮಂಜಿಗೆ ಪುಡಿ ಉಪ್ಪು ಅಂತ ಹಂಚಿಕೊಂಡೆ. ಇದಕ್ಕೆ ಕಾರಣ ಇದೆ. ಸಮುದ್ರದ ನೀರು ಹೆಪ್ಪುಗಟ್ಟುವಾಗ ಉಪ್ಪನ್ನು ಹೊರಗೆ ತಳ್ಳುತ್ತದೆ. ಕೆಲವು ಬೇಸಿಗೆ ದಾಟಿದ ಮಂಜುಗಡ್ಡೆಯಲ್ಲಿ ಉಪ್ಪು ಬಹುತೇಕ ಸೋರಿಹೋಗಿರುತ್ತದೆ. ಅದನ್ನು ಕರಗಿಸಿ ಕುಡಿಯಬಹುದು, ಅಲ್ಲಿನ ಇನ್ಯುಯಿಟ್ ಜನ ಕುಡಿಯುತ್ತಲೂ ಬಂದಿದ್ದಾರೆ. ಅಂಥ ಮಂಜು ನೀಲಿಯಾಗಿಯೇ ಕಾಣುತ್ತದೆ. ಯಾಕೆಂದರೆ ಬೆಳಕಿನ ಕೆಂಪು ಭಾಗವನ್ನು ಮಂಜುಗಡ್ಡೆ ಜಾಸ್ತಿ ಹೀರುತ್ತದೆ. ಹಾಗಾಗಿ ನನಗೆ ಬೇಕಿದ್ದದ್ದು ಕೆಂಪಿನ ಸೋಂಕೇ ಇಲ್ಲದ ನೀಲಿ.

ಆದರೆ ನಾಲ್ಕು ಬಣ್ಣದ ಪ್ರೆಸ್ಸಿನಲ್ಲಿ ಅಲ್ಟ್ರಾಮರೀನ್ ಏನಾಗುತ್ತದೆ? ಸಯಾನ್ ಎಂಬ ತಿಳಿನೀಲಿ ಶಾಯಿಯ ಮೇಲೆ ಮಜೆಂಟಾ ಎಂಬ ಕೆಂಗುಲಾಬಿ ಶಾಯಿ ಕೂತು ನೇರಳೆಯಾಗುತ್ತದೆ. ಪ್ರೂಫಿನಲ್ಲಿ ಆರ್ಕ್ಟಿಕ್ ಸಮುದ್ರದ ತುಂಬ ನೇರಳೆ ಹಣ್ಣಿನ ರಸ ಚೆಲ್ಲಿದ ಹಾಗಿತ್ತು. ಮಜೆಂಟಾ ಇಳಿಸಿದರೆ ನೀಲಿ ಚಪ್ಪಟೆಯಾಯಿತು, ಉಪ್ಪಿನ ನಕ್ಷತ್ರಗಳು ಮಾಯವಾದವು. ಸ್ವಲ್ಪ ಕಪ್ಪು ಸೇರಿಸಿದರೆ ಕೊಳಕಾಯಿತು. "ನೀಲಿನೇ ಇದೆಯಲ್ಲ ಸಾರ್, ಮಕ್ಕಳಿಗೆ ಇಷ್ಟು ಸಾಕು" ಅಂದರು ಪ್ರೆಸ್ಸಿನವರು. ಮಕ್ಕಳಿಗೇ ಸರಿಯಾದ ನೀಲಿ ಬೇಕು! ಮುಂದೆ ಇಪ್ಪತ್ತು ವರ್ಷ ಅವರ ತಲೆಯಲ್ಲಿ ಉಳಿಯುವ ಆರ್ಕ್ಟಿಕ್ ಇದೇ.

ಸಾಲದ್ದಕ್ಕೆ ಕಾಗದದವರ ಕಾಟ. ನಾನು ಆರಿಸಿದ್ದು ಮ್ಯಾಪ್‌ಲಿಥೋ ಎಂಬ ಬೆಳ್ಳಗಿನ ಅಚ್ಚಿನ ಕಾಗದ, 120 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ). ಎರಡನೇ ಸಲ ಅದೇ ಹೆಸರು, ಅದೇ ತೂಕ, ಅದೇ ಬಿಲ್ಲು. ಬಂದದ್ದು ಮಾತ್ರ ಕೆನೆ ಬಣ್ಣದ ಕಾಗದ. ಕೇಳಿದರೆ "ಲಾಟ್ ಬೇರೆ" ಅನ್ನುವ ಒಂದೇ ಉತ್ತರ. ಕಾದಂಬರಿಗಾದರೆ ಕೆನೆ ಬಣ್ಣ ಕಣ್ಣಿಗೆ ಹಿತ. ಮಂಜುಗಡ್ಡೆಗೆ ಬಂದರೆ ಎಲ್ಲವೂ ಹಳದಿ. ಇನ್ನು ಕೊರಿಯರ್‌ನಲ್ಲಿ ತರಿಸಿದ ಮಾಸ್ಕಿಂಗ್ ಫ್ಲೂಯಿಡ್ (ಬಣ್ಣ ತಾಗಬಾರದ ಜಾಗಕ್ಕೆ ಹಚ್ಚುವ ರಬ್ಬರ್ ದ್ರವ), ಏಪ್ರಿಲ್ ಬಿಸಿಲಿಗೆ ಬಾಟಲಿಯಲ್ಲೇ ರಬ್ಬರ್ ಚೆಂಡಾಗಿ ಬಂತು. ವಾಪಸ್ ತಗೊಳ್ಳಲ್ಲವಂತೆ, "ಓಪನ್ ಆಗಿದೆ" ಅಂತೆ. ಓಪನ್ ಮಾಡದೆ ಗಟ್ಟಿಯಾಗಿದೆ ಅಂತ ಗೊತ್ತಾಗುವುದಾದರೂ ಹೇಗೆ?

ದಾರಿ ಸಿಕ್ಕಿದ್ದು ನಾಲ್ಕು ಬಣ್ಣವನ್ನೇ ಬಿಟ್ಟಾಗ. ಪುಸ್ತಕ ಪೂರ್ತಿ ಎರಡೇ ಸ್ಪೆಷಲ್ ಕಲರ್: ಹಸಿರಿನ ಕಡೆ ಸ್ವಲ್ಪ ವಾಲಿದ ಗಾಢ ನೀಲಿ ಒಂದು, ದೀಪದ ಕಿತ್ತಳೆ ಇನ್ನೊಂದು. ಶಾಯಿಯನ್ನು ಡಬ್ಬದಲ್ಲೇ ಬೆರೆಸಿ ತರುವುದರಿಂದ ಮಜೆಂಟಾ ಹತ್ತಿರವೂ ಸುಳಿಯುವುದಿಲ್ಲ. ಚಿತ್ರವನ್ನೂ ಬಣ್ಣದಲ್ಲಿ ಬರೆಯುವುದು ಬಿಟ್ಟೆ. ಲೈಟ್ ಬಾಕ್ಸ್ ಮೇಲೆ ಎರಡು ಹಾಳೆ, ಎರಡರಲ್ಲೂ ಬರೀ ಕಪ್ಪು ಶಾಯಿಯ ವಾಶ್, ಅಂದರೆ ನೀರು ಬೆರೆಸಿದ ತೆಳು ಲೇಪ. ಒಂದು ನೀಲಿ ಅಚ್ಚೊತ್ತುವ ಪ್ಲೇಟಿಗೆ, ಒಂದು ಕಿತ್ತಳೆಯದಕ್ಕೆ. ಕಲ್ಲುಪ್ಪಿನ ನಕ್ಷತ್ರ ಕಪ್ಪಿನಲ್ಲಿ ಇನ್ನೂ ಚೂಪಾಗಿ ಬಿಡಿಸಿಕೊಂಡಿತು. ಬಿಳಿ ಅಂದರೆ ಶಾಯಿ ತಾಗದ ಕಾಗದ, ಅಷ್ಟೇ. ಎರಡು ಬಣ್ಣ ಒಂದರ ಮೇಲೊಂದು ಬಿದ್ದ ಕಡೆ ಗಾಢ ಕಂದು ಸಿಕ್ಕಿತು. ಅದೇ ಹಡಗಿನ ಮರ!

ದೀಪದ ಜಾಗ ಮಾತ್ರ ಸುಲಭಕ್ಕೆ ಬಗ್ಗಲಿಲ್ಲ. ಕಿತ್ತಳೆ ಉರಿಯಬೇಕಾದರೆ ಅದರ ಕೆಳಗೆ ನೀಲಿ ಇರಬಾರದು, ಅಂದರೆ ನೀಲಿಯ ಪ್ಲೇಟಿನಲ್ಲಿ ತೂತು ಬಿಡಬೇಕು. ರಿಜಿಸ್ಟರ್, ಅಂದರೆ ಎರಡು ಪ್ಲೇಟುಗಳ ಹೊಂದಿಕೆ, ಕೂದಲೆಳೆ ಸರಿದರೂ ದೀಪದ ಪಕ್ಕ ಬಿಳಿ ಗೀರು ಕಾಣುತ್ತದೆ. ದೀಪ ಇರುವುದೇ ಕಡಲೆಕಾಳಿನ ಗಾತ್ರ. ತೂತನ್ನು ದೀಪಕ್ಕಿಂತ ಒಂಚೂರು ಕಿರಿದು ಮಾಡಿದೆ. ಅಂಚಿನಲ್ಲಿ ಎರಡು ಬಣ್ಣ ಕೂಡಿ ಸಣ್ಣ ಕಂದು ಗೆರೆ ಮೂಡಿತು. ಈಗ ಅದು ಲಾಟೀನಿನ ಚೌಕಟ್ಟಿನ ಹಾಗೆ ಕೂತಿದೆ. ಭೂತಗನ್ನಡಿ ಹಿಡಿದು ನೋಡಿ ಮನಸ್ಸು ತುಂಬಿಹೋಯಿತು.

ಎರಡೇ ಬಣ್ಣ ಅಂದ ಮೇಲೆ ಕಿತ್ತಳೆ ಯಾರಿಗೆ ಸಲ್ಲಬೇಕು ಅನ್ನುವುದನ್ನೂ ತೀರ್ಮಾನಿಸಬೇಕಾಯಿತು. ಹಡಗಿನ ಲಾಟೀನಿಗೆ ಹೌದು. ಇನ್ಯುಯಿಟ್ ಮನೆಯಲ್ಲಿ ಸೀಲ್ ಕೊಬ್ಬು ಉರಿಸುವ ಕಲ್ಲಿನ ದೀಪಕ್ಕೂ, ಕುಲ್ಲಿಕ್‌ಗೂ, ಅದೇ ಕಿತ್ತಳೆ, ಅದೇ ಹೊಳಪು. ಇದರಲ್ಲಿ ರಾಜಿ ಇಲ್ಲ. ಈ ಕಥೆ ಹೇಳುವವರು ಆರ್ಕ್ಟಿಕ್ ಅಂದರೆ ಯಾರೂ ಇಲ್ಲದ ಬಿಳಿ ಬಯಲು ಅನ್ನುವ ಹಾಗೆ ಬರೆಯುತ್ತಾರೆ. ಅಲ್ಲಿ ಸಂಸಾರಗಳಿದ್ದವು, ಮಕ್ಕಳಿದ್ದರು. 1854ರಲ್ಲಿ ಆರ್ಕ್ಟಿಕ್ ಅನ್ವೇಷಕ ಜಾನ್ ರೇ ಅವರಿಗೆ ನಾವಿಕರ ಗತಿ ಏನಾಯಿತು ಅಂತ ಹೇಳಿದ್ದೇ ಇನ್ಯುಯಿಟ್ ಜನ. ಲಂಡನ್‌ನಲ್ಲಿ ಬಹಳ ಜನ ಅದನ್ನು ನಂಬಲಿಲ್ಲ. ಒಂದು ಹಡಗು ಎಲ್ಲಿ ಮುಳುಗಿತು ಅನ್ನುವುದೂ ಇನ್ಯುಯಿಟ್ ಜನರ ಬಾಯಿಮಾತಿನಲ್ಲಿ ಉಳಿದಿತ್ತು. 2014ರಲ್ಲಿ ಎರೆಬಸ್ ಸಿಕ್ಕಿದ್ದು ಆ ಮಾತು ತೋರಿಸಿದ ಕಡೆಯೇ. 2016ರಲ್ಲಿ ಟೆರರ್ ಸಿಕ್ಕಿದ್ದು ಗ್ಯೋವಾ ಹೇವನ್ ಊರಿನ ಸ್ಯಾಮಿ ಕೊಗ್ವಿಕ್ ಕೊಟ್ಟ ಸುಳಿವಿನಿಂದ. ಹಾಡಿನಲ್ಲೂ ಆ ಜನಕ್ಕೆ ಚರ್ಮದ ದೋಣಿಯ ಒಂದು ಸಾಲಿದೆ. ಆ ಒಂದು ಸಾಲಿಗೆ ನಾನು ಎರಡು ಜೋಡಿ ಪುಟ ಕೊಟ್ಟಿದ್ದೇನೆ.

ಅಕ್ಕನ ಮಗಳಿಗೆ ಪ್ರೂಫ್ ತೋರಿಸಿದೆ. ಅವಳ ಕಣ್ಣು ನೇರ ಹೋಗಿದ್ದು ಎರೆಬಸ್ ಮೇಲಿನ ಕೋತಿಗೆ. ಹೌದು, ಹಡಗಿನಲ್ಲಿ ಜಾಕೋ ಅಂತ ಕೋತಿ, ನೆಪ್ಚೂನ್ ಅಂತ ನಾಯಿ ನಿಜವಾಗಿ ಇದ್ದವು. "ಮಾಮ, ಕೋತಿಗೆ ಸ್ವೆಟರ್ ಹಾಕಿದ್ರಾ?" ಅಂದಳು. ಬೀಚಿ ದ್ವೀಪದ ಪುಟಕ್ಕೆ ಬಂದಾಗ ಹಗಲು ಯಾಕೆ ಕತ್ತಲು ಅಂತ ಕೇಳಿದಳು. ಫ್ರಾಂಕ್ಲಿನ್ ತಂಡದ ಮೊದಲ ಚಳಿಗಾಲ ಕಳೆದದ್ದು ಅಲ್ಲಿ. ನವೆಂಬರ್‌ನಿಂದ ಸುಮಾರು 3 ತಿಂಗಳು ಅಲ್ಲಿ ಸೂರ್ಯ ಹುಟ್ಟುವುದೇ ಇಲ್ಲ. ಹಾಗಾಗಿ ಆ ಪುಟಕ್ಕೆ ಒಂದು ಗೆರೆ ಮಾತು ಸೇರಿಸುತ್ತಿದ್ದೇನೆ, ಕೋತಿಗೆ ಕಿತ್ತಳೆ ಸ್ವೆಟರನ್ನೂ.

ಇದರ ನಡುವೆ ಮುಂದಿನ ಪುಸ್ತಕ ತಲೆಗೆ ಹತ್ತಿಬಿಟ್ಟಿದೆ. ಫ್ರಾಮ್! ನಾರ್ವೆಯ ಅನ್ವೇಷಕ ನಾನ್ಸೆನ್ ಬೇಕೆಂದೇ ಮಂಜಿನಲ್ಲಿ ಸಿಕ್ಕಿಸಿದ ಹಡಗು. 1893ರಲ್ಲಿ ಮಂಜಿಗೆ ನುಗ್ಗಿತು, 1896ರಲ್ಲಿ ಹೊರಬಂತು. ಕಾಲಿನ್ ಆರ್ಚರ್ ಅದರ ತಳವನ್ನು ಗುಂಡಗೆ ಕಟ್ಟಿದ್ದರು. ಎರಡೂ ಕಡೆಯಿಂದ ಮಂಜು ಅದುಮಿದರೆ ಹಡಗು ಒಡೆಯದೆ ಮೇಲೆ ಜಾರುತ್ತದೆ. ಪುಟದ ಎರಡೂ ಬದಿಯ ಪಟ್ಟಿ ಒತ್ತಿದರೆ ಹಡಗು ಮೇಲೇಳುವ ಪಾಪ್‌ಅಪ್ ಅದಕ್ಕಿಂತ ಚೆನ್ನಾಗಿ ಯಾವುದಕ್ಕೆ ಹೊಂದೀತು? ಹಳೇ ಮದುವೆ ಕಾರ್ಡಿನಲ್ಲಿ ಒಂದು ಮಾದರಿ ಕತ್ತರಿಸಿದೆ. ಹಡಗು ಏಳುತ್ತದೆ, ಆದರೆ ಎಡಕ್ಕೆ ವಾಲುತ್ತದೆ. 250 ಜಿಎಸ್‌ಎಂ ಕಾರ್ಡು ಸಾಕೋ 300 ಬೇಕೋ, ಮಡಿಕೆ ಕಾಗದದ ನಾರಿನ ಉದ್ದಕ್ಕೆ ಬರಬೇಕೋ ಅಡ್ಡಕ್ಕೋ, ಪಾಪ್‌ಅಪ್ ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.