ನಗುವಿನ ನಾಲ್ಕು ಸೆಕೆಂಡು

ಎದುರುಬದುರು ಕುಳಿತು ಮಾತನಾಡಿದ ಇಬ್ಬರ ಇಇಜಿ ಗೆರೆಗಳನ್ನು, ಅಂದರೆ ಅವರ ಮಿದುಳಿನ ವಿದ್ಯುತ್ ಅಲೆಗಳ ದಾಖಲೆಯನ್ನು, ಅವು ಒಂದಕ್ಕೊಂದು ಹೊಂದಿಕೊಳ್ಳುತ್ತವೆಯೇ ಎಂದು ಇಂದು ಮಧ್ಯಾಹ್ನವೆಲ್ಲ ನೋಡುತ್ತ ಕುಳಿತಿದ್ದೆ. ಒಂದೆಡೆ ಇಬ್ಬರೂ ಒಟ್ಟಿಗೆ ನಕ್ಕಿದ್ದರು. ಅಲ್ಲಿ ಎರಡೂ ಗೆರೆಗಳು ಒಮ್ಮೆಲೇ ಎದ್ದು ಕುಣಿದಿದ್ದವು.

ಮನಸ್ಸು ಹಿಗ್ಗಿತಾದರೂ ಆ ನಾಲ್ಕು ಸೆಕೆಂಡುಗಳನ್ನು ಲೆಕ್ಕದಿಂದ ತೆಗೆಯಲೇಬೇಕಾಯಿತು, ಏಕೆಂದರೆ ನಗುವಾಗ ಬಿಗಿಯುವ ಮುಖದ ಸ್ನಾಯುಗಳ ವಿದ್ಯುತ್ತು ಮಿದುಳಿನಿಂದ ಬರುವ ಕೆಲವೇ ಮೈಕ್ರೋವೋಲ್ಟ್‌ಗಳ ಸಂಕೇತವನ್ನು ಮುಚ್ಚಿಬಿಡುತ್ತದೆ. ಇಬ್ಬರು ಅತ್ಯಂತ ಹತ್ತಿರವಾದ ಗಳಿಗೆಯನ್ನೇ ಕತ್ತರಿಸುವಾಗ ಕೈ ಸ್ವಲ್ಪ ತಡೆಯಿತು.

2009ರಲ್ಲಿ ಬರ್ಲಿನ್ನಿನ ಸಂಶೋಧಕರು ಜೋಡಿಯಾಗಿ ಗಿಟಾರ್ ನುಡಿಸುವವರ ಮಿದುಳಿನ ಅಲೆಗಳನ್ನು ಏಕಕಾಲಕ್ಕೆ ದಾಖಲಿಸಿದಾಗ, ತಾಳ ಹಿಡಿಯುವ ಮತ್ತು ನುಡಿಸಲು ಆರಂಭಿಸುವ ಹೊತ್ತಿನಲ್ಲಿ ಆ ಅಲೆಗಳು ಹೊಂದಿಕೊಂಡದ್ದು ಕಂಡಿತ್ತು. ಆದರೆ ಒಂದೇ ಸದ್ದನ್ನು ಕೇಳುತ್ತ ಒಂದೇ ಬಗೆಯಲ್ಲಿ ಕೈಯಾಡಿಸುವ ಇಬ್ಬರ ಅಲೆಗಳು, ಪರಸ್ಪರ ಸ್ಪಂದನವಿಲ್ಲದೆಯೂ, ಹೊಂದಿಕೊಂಡಂತೆ ತೋರಬಹುದು. ಅದಕ್ಕಾಗಿಯೇ ಎಂದೂ ಭೇಟಿಯಾಗದವರ ದಾಖಲೆಗಳನ್ನು ಹುಸಿಜೋಡಿಯಾಗಿಸಿ ಅದೇ ಲೆಕ್ಕವನ್ನು ಮತ್ತೆ ಮಾಡುತ್ತೇವೆ. ನಿಜವಾದ ಜೋಡಿಯ ಹೊಂದಿಕೆ ಅದಕ್ಕಿಂತ ಸ್ಪಷ್ಟವಾಗಿ ಹೆಚ್ಚಿದ್ದರೆ ಮಾತ್ರ ಮಾತುಕತೆಯಲ್ಲಿ ಏನೋ ನಡೆದಿದೆ ಎನ್ನಬಹುದು. ಈ ಹಂತವನ್ನು ಬಿಟ್ಟು ‘ಮಿದುಳುಗಳು ಬೆಸೆದುಕೊಂಡವು’ ಎಂದು ಬರೆಯುವುದು ನನಗೆ ಒಪ್ಪಿಗೆಯಿಲ್ಲ.

ಸಂಜೆ ಆ ಹುಸಿಜೋಡಿಗಳ ಲೆಕ್ಕವನ್ನು ಓಡಲು ಬಿಟ್ಟು ಬಂದಿದ್ದೇನೆ. ಕತ್ತರಿಸಿದ ನಗುವಿನ ತುಣುಕನ್ನು ಮಾತ್ರ ಅಳಿಸಲಿಲ್ಲ, ಬೇರೆ ಕಡತದಲ್ಲಿ ಇಟ್ಟಿದ್ದೇನೆ. ಅದಕ್ಕೂ ಮುಂಚಿನ ಎರಡು ಸೆಕೆಂಡು, ಅಂದರೆ ಇನ್ನೂ ನಗು ಬಾರದೆ ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿದ್ದ ಹೊತ್ತು, ಶುಭ್ರವಾಗಿ ದಾಖಲಾಗಿದೆ. ನಾಳೆ ಬೆಳಿಗ್ಗೆ ಮೊದಲು ನೋಡುವುದು ಅದನ್ನೇ.